ಇಲ್ಲಿ ಅಂದರೆ ಎಲ್ಲಿ?

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಅವಳು ಟೈಪಮ್ಮ. ಅವಳ ನಿಜವಾದ ಹೆಸರು ಬೇಕಾಗುತ್ತಿದ್ದದ್ದು ಸಂಬಳದ ಚೀಟಿಗೆ ಮಾತ್ರ. ಎಕ್ಸ್‌ರೇ ತೆಗೆಯುವ ಕೋಣೆಯ ಹಿಂದೆ, ಕಿಟಕಿಯಿಲ್ಲದ ಗೂಡಿನಂಥ ಜಾಗದಲ್ಲಿ ಅವಳ ಮೇಜಿತ್ತು. ಆ ಕೋಣೆಯನ್ನು ಬೇರೆ ಯಾರೂ ಒಪ್ಪಿರಲಿಲ್ಲ. ನನಗೇ ಕೊಡಿ, ನಿಮಗೆ ದೀಪದ ಖರ್ಚೂ ಉಳಿಯುತ್ತದೆ ಎಂದು ನಗುತ್ತಲೇ ಅದನ್ನು ಕೇಳಿ ಪಡೆದಿದ್ದಳು.

ಮದುವೆಯಾಗಿ ಕೆಲವು ವರ್ಷಕ್ಕೆ ಅವಳ ಕಣ್ಣಿನ ನರ ಒಣಗುತ್ತಾ ಬಂದಿತ್ತು. ಮೊದಲು ಅಂಚುಗಳು ಹೋದವು, ಆಮೇಲೆ ಮುಖಗಳು, ಕೊನೆಗೆ ಹಗಲು ಯಾವುದು ರಾತ್ರಿ ಯಾವುದು ಎಂಬುದೂ ಹೋಯಿತು. ದೃಷ್ಟಿ ಇಲ್ಲದವರಿಗೆಂದೇ ಇದ್ದ ತರಬೇತಿ ಕೇಂದ್ರಕ್ಕೆ ಗಂಡ ಅವಳನ್ನು ಕರೆದುಕೊಂಡು ಹೋಗಿ ಸೇರಿಸಿದ. ಅಲ್ಲಿಯ ಶಿಕ್ಷಕಿ ಅವಳ ಒಂದೊಂದು ಬೆರಳನ್ನೂ ಹಿಡಿದು ಕೀಬೋರ್ಡಿನ ಮೇಲಿಟ್ಟು ಟೈಪಿಂಗ್ ಕಲಿಸಿದಳು. ಕಂಪ್ಯೂಟರಿನಲ್ಲಿ ಮೂಡಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ, ಅದನ್ನು ಕಿವಿಗೆ ಹಾಕಿಕೊಂಡರೆ ಯಾರ ಹಂಗೂ ಬೇಡ ಎಂಬುದು ಅವಳಿಗೆ ಗೊತ್ತಾದದ್ದೂ ಅಲ್ಲೇ. ಆ ಕಲಿಕೆಯಿಂದ ಸಿಕ್ಕಿದ್ದು ಈ ಕೆಲಸ.

ಡಾಕ್ಟರು ಎಕ್ಸ್‌ರೇ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾ, ಕಂಡದ್ದನ್ನು ಸಣ್ಣದೊಂದು ರೆಕಾರ್ಡರಿನಲ್ಲಿ ಹೇಳಿಡುತ್ತಿದ್ದರು. ಅದನ್ನು ಕೇಳಿ ವರದಿ ಟೈಪು ಮಾಡುವುದು ಅವಳ ಕೆಲಸ. ಬಲಗಿವಿಯಲ್ಲಿ ಡಾಕ್ಟರು, ಎಡಗಿವಿಯಲ್ಲಿ ಕಂಪ್ಯೂಟರು, ಕಾಲಡಿಯಲ್ಲಿ ದನಿಯನ್ನು ನಿಲ್ಲಿಸುವ, ಬಿಡುವ ಪೆಡಲು. ಡಾಕ್ಟರು ಗಂಟಲು ಸರಿಮಾಡಿಕೊಂಡರೆ ಹೊಸ ಪ್ಯಾರಾ, ನಿಟ್ಟುಸಿರು ಬಿಟ್ಟರೆ ಸುದ್ದಿ ಒಳ್ಳೆಯದಲ್ಲ. ಇಷ್ಟೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಆ ಗೂಡಿನೊಳಗೆ ಕೂತಿದ್ದಷ್ಟು ಹೊತ್ತು ತನಗೆ ಕಣ್ಣಿಲ್ಲ ಎಂಬುದೇ ಅವಳಿಗೆ ಮರೆತುಹೋಗುತ್ತಿತ್ತು.

ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ವಿಂಡೋಸಿನಿಂದ ಲಿನಕ್ಸ್ ಎಂಬ ಬೇರೆ ಕಾರ್ಯವ್ಯವಸ್ಥೆಗೆ ಬದಲಾಯಿಸುತ್ತಾರೆ ಎಂಬ ನೋಟೀಸನ್ನು ಕ್ಯಾಂಟೀನಿನ ಪಕ್ಕದ ಗೋಡೆಗೆ ಅಂಟಿಸಿದ್ದರು. ಎಲ್ಲರೂ ಓದಿದ್ದರು. ಗೋಡೆಯ ಮೇಲಿನದನ್ನು ಓದಲಾಗದವಳು ಒಬ್ಬಳಿದ್ದಾಳೆ, ಅವಳಿಗೆ ಬಾಯಲ್ಲಿ ಹೇಳಬೇಕು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಬಂದು ಎಂದಿನಂತೆ ಯಂತ್ರದ ಗುಂಡಿ ಒತ್ತಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ದಿನಾ ಬರುತ್ತಿದ್ದ ಆ ಹೆಣ್ಣುದನಿ ಬರಲಿಲ್ಲ. ವೈರು ಸಡಿಲಾಗಿರಬೇಕೆಂದು ಒತ್ತಿ ನೋಡಿದಳು. ಸದ್ದು ಕಡಿಮೆಯಾಗಿರಬೇಕೆಂದು ಏರಿಸಿದಳು. ಏನೂ ಇಲ್ಲ. ಪಕ್ಕದ ಕೋಣೆಯ ಟೈಪಿಸ್ಟ್ ಹುಡುಗಿಯನ್ನು ಕರೆದು ಪರದೆಯ ಮೇಲೆ ಏನಿದೆ ನೋಡು ಎಂದಳು.

“ಏನೋ ಹೊಸ ಚಿತ್ರ ಬಂದಿದೆ ಅಕ್ಕ. ಬೆಟ್ಟ, ಕೆರೆ ಎಲ್ಲ ಇದೆ. ಚೆನ್ನಾಗಿದೆ” ಎಂದಳು ಆ ಹುಡುಗಿ.

ಮಧ್ಯಾಹ್ನದ ಹೊತ್ತಿಗೆ ಸಿಸ್ಟಂ ನೋಡಿಕೊಳ್ಳುವವನು ಬಂದ. ಕೆಟ್ಟವನಲ್ಲ. ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ಅವನ ತಲೆಯ ಮೇಲಿದ್ದವು, ಎಲ್ಲ ಮಹಡಿಯವರೂ ಅವನಿಗೆ ಶಾಪ ಹಾಕುತ್ತಿದ್ದರು. ಹಳೆಯದಕ್ಕೆ ವರ್ಷವರ್ಷವೂ ದುಡ್ಡು ಕಟ್ಟಬೇಕಿತ್ತು, ಇದು ಪುಕ್ಕಟೆ, ಯಾರು ಬೇಕಾದರೂ ಇದನ್ನು ಬಿಚ್ಚಿ ನೋಡಿ ಸರಿಮಾಡಿಕೊಳ್ಳಬಹುದು ಎಂದೆಲ್ಲ ವಿವರಿಸಿದ. ಅವಳ ಓದುವ ತಂತ್ರಾಂಶ ಹಳೆಯದರಲ್ಲಿ ಮಾತ್ರ ನಡೆಯುವಂಥದ್ದು. ಆದರೆ ಇದರಲ್ಲೂ ಅಂಥದ್ದೊಂದು ಇದೆ ಎಂದು ಹುಡುಕಿ ಏನೋ ಆನ್ ಮಾಡಿದ. ದನಿ ಬಂತು. ತಗಡಿನ ಡಬ್ಬದೊಳಗೆ ಕೂತು ಯಾರೋ ಅವಸರವಾಗಿ ಮಾತಾಡಿದಂತಿತ್ತು. ಅದು ದೊಡ್ಡ ಕಷ್ಟವಲ್ಲ. ಕಷ್ಟ ಇದ್ದದ್ದು ಬೆರಳುಗಳಲ್ಲಿ. ಅವಳ ಬೆರಳಿಗೆ ಗೊತ್ತಿದ್ದ ದಾರಿಗಳೆಲ್ಲ ಇಲ್ಲಿ ಬೇರೆಲ್ಲಿಗೋ ಹೋಗುತ್ತಿದ್ದವು. ಒಂದು ಸಾಲು ಟೈಪು ಮಾಡಿದಳು, ಅದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಹಿಂದಕ್ಕೆ ಹೋಗಲು ಹೋದಳು, ಇನ್ನೇನೋ ತೆರೆದುಕೊಂಡಿತು.

ಯಾವ ಕೀ ಒತ್ತಬೇಕು ಎಂದು ಕೇಳಿದಳು.

“ಮೌಸ್ ಇಲ್ದೆ ಹೇಗೆ ಅಂತ ನಂಗೂ ಗೊತ್ತಿಲ್ಲ ಟೈಪಮ್ಮ” ಎಂದ ಅವನು. “ಆದ್ರೆ ಕಲಿಯೋಕೆ ಬೇಕಾದ್ದು ನೆಟ್‌ನಲ್ಲಿ ರಾಶಿ ಬಿದ್ದಿದೆ. ಎಲ್ಲ ಪುಕ್ಕಟೆ. ಹುಡುಕಿ, ಸಿಗುತ್ತೆ.”

ಎಕ್ಸ್‌ರೇ ವಿಭಾಗದ ಮೇಲ್ವಿಚಾರಕಿ ಅವಳನ್ನು ಕೋಣೆಗೆ ಕರೆಸಿ ಕೂರಿಸಿ ಮೃದುವಾಗಿಯೇ ಮಾತಾಡಿದರು. ಯಾರೂ ಅವಳನ್ನು ಮನೆಗೆ ಕಳಿಸುತ್ತಿಲ್ಲ. ಹೊಸದನ್ನು ಕಲಿಯುವವರೆಗೆ ಬೇರೆ ಕೆಲಸ ಮಾಡಿಕೊಂಡಿರಲಿ. ಮುಂಗಾರು ಮುಗಿಯುವ ಹೊತ್ತಿಗೆ ಒಂದು ಸಲ ಕೂತು ನೋಡೋಣ, ಆಗಲೂ ಆಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ ದಾರಿಯಿಲ್ಲ ಎಂದರು. ಬೇರೆ ಕೆಲಸ ಎಂದರೆ ಫಿಲ್ಮುಗಳನ್ನು ಕವರಿಗೆ ಹಾಕುವುದು. ಯಾವ ಫಿಲ್ಮು ಯಾವ ಕವರಿಗೆ ಎಂಬುದನ್ನು ಬೇರೆಯವರು ನೋಡಿ ಜೋಡಿ ಮಾಡಿ ಕೊಡಬೇಕು, ಇವಳು ತೂರಿಸಬೇಕು. ಆ ಜೋಡಿ ಮಾಡುವವನೇ ತೂರಿಸಿಬಿಟ್ಟರೆ ಅವಳ ಕೆಲಸವೇ ಇರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡದೆ ಕೂತಿರುತ್ತಿದ್ದರು.

ಸಿಸ್ಟಂನವನು ಗೋದಾಮಿನಲ್ಲಿದ್ದ ಹಳೆಯ ಯಂತ್ರವೊಂದಕ್ಕೆ ಲಿನಕ್ಸ್ ಹಾಕಿ, ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ ಎಂದು ಕೊಟ್ಟ. ಅವಳ ಗಂಡನಿಗೆ ಸೋಫಾ, ಕುರ್ಚಿಗಳಿಗೆ ಹೊಸ ಗಾದಿ ಹೊಲಿಯುವ ಕೆಲಸ. ಅವನು ಅಂಗಡಿಯಿಂದ ಫೋಮಿನ ತುಂಡುಗಳನ್ನು ತಂದು ಯಂತ್ರಕ್ಕೆ ಸುತ್ತಿ, ಹಸುಗೂಸಿನ ಹಾಗೆ ಸ್ಕೂಟರಿನ ಮೇಲಿಟ್ಟು ಮನೆಗೆ ಸಾಗಿಸಿದ. ಮನೆಯಲ್ಲಿ ಇದ್ದವರು ಅವರಿಬ್ಬರು ಮತ್ತು ಅವನ ತಾಯಿ. ಅಡುಗೆಮನೆಗೂ ಹಜಾರಕ್ಕೂ ನಡುವಿನ ಮೂಲೆಯಲ್ಲಿ ಯಂತ್ರಕ್ಕೊಂದು ಜಾಗವಾಯಿತು.

ಆಮೇಲೆ ಶುರುವಾಯಿತು ಹುಡುಕಾಟ. ಅವಳ ಮೊಬೈಲಿಗೆ ಮಾತು ಬರುತ್ತಿತ್ತು, ಅದರಲ್ಲೇ ಹುಡುಕಿದಳು. ಹೊಸಬರಿಗೆ ಲಿನಕ್ಸ್, ಸುಲಭವಾಗಿ ಲಿನಕ್ಸ್, ಏನೂ ಗೊತ್ತಿಲ್ಲದವರಿಗೆ ಲಿನಕ್ಸ್. ಸಿಸ್ಟಂನವನು ಸುಳ್ಳು ಹೇಳಿರಲಿಲ್ಲ. ನಿಜಕ್ಕೂ ರಾಶಿಯೇ ಇತ್ತು.

ಮೊದಲು ಸಿಕ್ಕಿದ್ದು ವೀಡಿಯೊಗಳು. ಹಿಂದೆ ತಮಟೆಯಂಥ ಸಂಗೀತ, ಮುಂದೆ ಒಬ್ಬ ಉತ್ಸಾಹಿ ಮೇಷ್ಟ್ರು. “ಈಗ ಇಲ್ಲಿ ಕ್ಲಿಕ್ ಮಾಡಿ. ನೋಡಿದ್ರಲ್ಲ, ಹೀಗೆ ಬಂತು. ಇದನ್ನ ಹಿಡಿದು ಇಲ್ಲಿಗೆ ಎಳೀರಿ. ಅಷ್ಟೇ, ಎಷ್ಟು ಸುಲಭ!” ಅವಳು ವೀಡಿಯೊವನ್ನು ಹಿಂದಕ್ಕೆ ಹಿಂದಕ್ಕೆ ಒಯ್ದು ಕೇಳಿದಳು. ಇಲ್ಲಿ ಅಂದರೆ ಎಲ್ಲಿ? ಇದನ್ನ ಅಂದರೆ ಯಾವುದನ್ನ? ಆ ಮೇಷ್ಟ್ರ ಪಾಠದಿಂದ ನಾಮಪದಗಳನ್ನೆಲ್ಲ ಯಾರೋ ಕದ್ದುಕೊಂಡು ಹೋದ ಹಾಗಿತ್ತು. ಇನ್ನೊಬ್ಬ ಮೇಷ್ಟ್ರು ಮಾತೇ ಆಡುತ್ತಿರಲಿಲ್ಲ. ಅವನ ಪಾಠವಿಡೀ ಕೊಳಲಿನ ಸದ್ದು. ಕೆಳಗೆ ನೂರಾರು ಮಂದಿ, ಇದಕ್ಕಿಂತ ಸ್ಪಷ್ಟವಾಗಿ ಯಾರೂ ಕಲಿಸಿಲ್ಲ ಎಂದು ಹೊಗಳಿದ್ದರು.

ವೀಡಿಯೊ ಬೇಡ, ಪುಸ್ತಕವೇ ವಾಸಿ ಎಂದುಕೊಂಡಳು. ಒಂದು ಪುಸ್ತಕ ಇಳಿಸಿಕೊಂಡರೆ ಮೊಬೈಲು ಪ್ರತಿ ಪುಟಕ್ಕೂ “ಚಿತ್ರ” ಎಂದು ಓದಿತು. ಪುಟಗಳನ್ನೆಲ್ಲ ಫೋಟೊ ತೆಗೆದು ಸೇರಿಸಿದ್ದರು. ಚಿತ್ರ, ಚಿತ್ರ, ಚಿತ್ರ ಎಂದು ಕೊನೆಯ ಪುಟದವರೆಗೆ ಕೇಳಿದಳು, ಎಲ್ಲಾದರೂ ಒಂದು ಅಕ್ಷರ ಸಿಕ್ಕೀತು ಎಂಬ ಆಸೆಯಿಂದ. ಇನ್ನೊಂದು ಕಡೆ ಅಚ್ಚುಕಟ್ಟಾದ ಕೋರ್ಸ್ ಇತ್ತು. ಆದರೆ ಒಳಗೆ ಹೋಗುವ ಮೊದಲು, ನೀವು ಯಂತ್ರವಲ್ಲ ಮನುಷ್ಯರು ಎಂದು ತೋರಿಸಲು ಟ್ರಾಫಿಕ್ ದೀಪಗಳಿರುವ ಚಿತ್ರಗಳನ್ನು ಆರಿಸಬೇಕಿತ್ತು. ಅವಳು ಮೊಬೈಲನ್ನು ಮಡಿಲಿಗೆ ಇಳಿಸಿದಳು. ತಾನು ಮನುಷ್ಯಳೆಂದು ಸಾಬೀತು ಮಾಡಲಾಗದೆ ವಾಪಸು ಬಂದದ್ದನ್ನು ಗಂಡನಿಗೆ ಹೇಳಿದಾಗ ಅವನು ನಕ್ಕ. ಅವಳೂ ನಗಬಹುದಿತ್ತು, ಆದರೆ ಅಂದು ನಗು ಬರಲಿಲ್ಲ.

ಊರಿನ ಕಂಪ್ಯೂಟರ್ ತರಗತಿಗೂ ಹೋಗಿ ಬಂದಳು. ಅಲ್ಲಿಯ ಮೇಷ್ಟ್ರು ಮರ್ಯಾದೆಯಿಂದ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಗೋಡೆಯ ಮೇಲೆ ಚಿತ್ರ ಬಿಟ್ಟು, ಕೋಲಿನಿಂದ ತೋರಿಸುತ್ತಾ ಪಾಠ ಮಾಡಿದರು. ಕೋಲು ಗೋಡೆಗೆ ಬಡಿಯುವ ಸದ್ದು ಮಾತ್ರ ಅವಳಿಗೆ ಬಂತು. ತರಗತಿ ಮುಗಿದ ಮೇಲೆ, ಮೌಸ್ ಇಲ್ಲದೆ ಕಲಿಸಲು ತನಗೆ ಬಾರದು, ನಿಮಗೆ ಸುಳ್ಳು ಭರವಸೆ ಕೊಡಲಾರೆ ಎಂದು ಅವರೇ ಹೇಳಿದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವಳಿಗೆ ಸಮಾಧಾನವೇ ಆಯಿತು. ಆದರೆ ಆ ಸಮಾಧಾನದಿಂದ ಅವಳಿಗೆ ಪ್ರಯೋಜನವೇನೂ ಇರಲಿಲ್ಲ.

ಕೊನೆಗೆ, ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ಪ್ರಶ್ನೆ ಕೇಳುವ ಅಂತರ್ಜಾಲದ ಕಟ್ಟೆಯೊಂದರಲ್ಲಿ ಬರೆದಳು. ನನಗೆ ಕಣ್ಣು ಕಾಣುವುದಿಲ್ಲ. ಟೈಪು ಮಾಡುವುದು ನನ್ನ ಕೆಲಸ. ಮೌಸ್ ಇಲ್ಲದೆ, ಚಿತ್ರವಿಲ್ಲದೆ, ಮೊದಲಿನಿಂದ ಕಲಿಸುವ ಪಾಠ ಎಲ್ಲಿದೆ? ಒಬ್ಬ, ಈ ಪ್ರಶ್ನೆಯನ್ನು ಮೊದಲೇ ಯಾರೋ ಕೇಳಿದ್ದಾರೆ, ಹುಡುಕಿ ನೋಡಿ ಎಂದ. ಇನ್ನೊಬ್ಬ, ಕೈಪಿಡಿ ಓದಿ ಎಂದ. ಮೂರನೆಯವನು, ಕಣ್ಣಿಲ್ಲದವರಿಗೆ ಇದು ಯಾಕೆ, ವಿಂಡೋಸನ್ನೇ ಬಳಸಿ ಎಂದ. ಆಮೇಲೆ ಆ ಮೂವರೂ ಲಿನಕ್ಸಿನ ನಾನಾ ಬಗೆಗಳಲ್ಲಿ ಯಾವುದು ಒಳ್ಳೆಯದು ಎಂದು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಅವಳ ಪ್ರಶ್ನೆ ಅವರ ಕಾಲಡಿಗೆ ಸಿಕ್ಕಿಹೋಯಿತು.

ಮನೆಯಲ್ಲಿ ಅವಳ ನಾಲಿಗೆ ಹರಿತವಾಗುತ್ತಾ ಬಂತು. ಅತ್ತೆ ಲೋಟವನ್ನು ಇಟ್ಟಲ್ಲಿಂದ ಒಂದು ಗೇಣು ಸರಿಸಿದ್ದಕ್ಕೆ ಕೂಗಾಡಿದಳು. ಕಣ್ಣು ಹೋದ ಮೊದಲ ವರ್ಷವೂ ಹಾಗೆ ಕೂಗಾಡಿರಲಿಲ್ಲ. ಅತ್ತೆ ಜಗಳಗಂಟಿ ಹೆಂಗಸು, ಬೀದಿಯಲ್ಲಿ ಹೆಸರಾದವಳು. ಆದರೆ ಆ ದಿನ ತಿರುಗಿ ಮಾತಾಡಲಿಲ್ಲ. ಲೋಟವನ್ನು ತಂದು ಸೊಸೆಯ ಕೈಗೆ ತಾಗಿಸಿ ಇಟ್ಟು ಹೋದಳು. ಅದು ಅವಳಿಗೆ ಇನ್ನೂ ಹೆಚ್ಚು ಚುಚ್ಚಿತು. ಬೈದಿದ್ದರೆ ಸೊಸೆ ಎಂದುಕೊಳ್ಳಬಹುದಿತ್ತು. ಸುಮ್ಮನಾದರೆ ರೋಗಿ ಎಂದಾಯಿತು.

ಒಂದು ರಜೆಯ ಮಧ್ಯಾಹ್ನ, ಓದುವ ದನಿ ಇದ್ದಕ್ಕಿದ್ದಂತೆ ನಿಂತಿತು. ಅದನ್ನು ವಾಪಸು ತರಲು ಅವಳು ಕೈಗೆ ಸಿಕ್ಕ ಕೀಗಳನ್ನೆಲ್ಲ ಎರಡೆರಡು ಮೂರುಮೂರು ಸೇರಿಸಿ ಒತ್ತಿದಳು. ಗಂಡ ಅಂಗಡಿಯಲ್ಲಿದ್ದ. ಬೇರೆ ದಾರಿಯಿಲ್ಲದೆ ಅತ್ತೆಯನ್ನು ಕರೆದು, ಪರದೆ ಹೇಗಿದೆ ನೋಡಿ ಎಂದಳು.

“ಕಪ್ಪಗಾಗಿದೆ ಕಣೇ. ಮೇಲೆ ಬಿಳಿ ಅಕ್ಷರ ಸ್ವಲ್ಪ ಇದೆ.”

ಏನು ಬರೆದಿದೆ ಎಂದರೆ ಅತ್ತೆಗೆ ಇಂಗ್ಲಿಷ್ ಅಕ್ಷರ ಬಾರದು. ಅವಳು ಒಂದು ಗಳಿಗೆ ಯೋಚಿಸಿ, ಕೊನೆಯ ಪದದಲ್ಲಿ ಒಂದೊಂದು ಅಕ್ಷರವೂ ಯಾವ ಆಕಾರದಲ್ಲಿದೆ ಎಂದು ಹೇಳಿ ಎಂದಳು. ಅತ್ತೆ ಕನ್ನಡಕ ತಂದು, ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

“ಒಂದು ಕೋಲು ನೆಟ್ಟಗೆ ನಿಂತಿದೆ. ಆಮೇಲೆ ಒಂದು ಸೊನ್ನೆ. ಆಮೇಲೆ ಸೊನ್ನೆಗೆ ಬಾಲ ಬಂದು ಕೊಕ್ಕೆ ಹಾಗೆ ಕೆಳಗೆ ಮಡಚಿದೆ. ಆಮೇಲೆ ಗಿಡ್ಡ ಕೋಲು, ಅದರ ತಲೆ ಮೇಲೊಂದು ಚುಕ್ಕೆ. ಆಮೇಲೆ ಕಮಾನಿನ ಬಾಗಿಲು. ಪಕ್ಕದಲ್ಲಿ ಒಂದರ ಮೇಲೊಂದು ಎರಡು ಚುಕ್ಕೆ.”

ನೋಡಿ ಎಷ್ಟೋ ವರ್ಷವಾಗಿದ್ದ ಅಕ್ಷರಗಳು ಅವಳ ತಲೆಯೊಳಗೆ ಒಂದೊಂದಾಗಿ ಎದ್ದು ನಿಂತವು. ಕೋಲು ಎಂದರೆ ಎಲ್, ಸೊನ್ನೆ ಎಂದರೆ ಓ. ಲಾಗಿನ್. ಯಂತ್ರ ನೀನು ಯಾರು ಎಂದು ಕೇಳುತ್ತಿತ್ತು. ಅವಳು ಖುಷಿಯಲ್ಲಿ ಅತ್ತೆಯ ತೋಳು ಹಿಡಿದುಕೊಂಡಳು. ತನ್ನ ಹೆಸರು ಟೈಪು ಮಾಡಿದಳು. ಗುಪ್ತಪದ ಒತ್ತುವಾಗ ಅತ್ತೆ, ನೀನು ಕುಟ್ಟುತ್ತಾ ಇದ್ದೀಯ, ಇಲ್ಲಿ ಒಂದೂ ಮೂಡುತ್ತಿಲ್ಲ ಎಂದಳು. ಕೀಬೋರ್ಡು ಕೆಟ್ಟಿತೇ ಎಂದು ಹೆದರಿ ಅಳಿಸಿ ಇನ್ನೊಮ್ಮೆ ಒತ್ತಿದಳು. ಆಗ ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಏನೇನೋ ಬಂತಂತೆ. ಎಲ್ಲಕ್ಕೂ ಕೊನೆಗೆ ಒಂದು ಹಾವು, ಅದರ ನಡುವೆ ಕೋಲು ಚುಚ್ಚಿದ ಹಾಗಿದೆ ಎಂದಳು ಅತ್ತೆ. ಅದು ಡಾಲರ್ ಗುರುತು. ಅದರ ಪಕ್ಕ ಸಣ್ಣ ಗೆರೆಯೊಂದು ಕಣ್ಣು ಮಿಟುಕಿಸುತ್ತಾ ಕಾಯುತ್ತಿತ್ತು.

ಏನಾದರೂ ಹೇಳು, ಕೇಳುತ್ತೇನೆ ಎಂದು ಅದು ಕಾಯುತ್ತಿದೆ ಎಂಬಷ್ಟು ಅವಳಿಗೆ ಅರ್ಥವಾಯಿತು. ಏನು ಹೇಳಬೇಕೆಂದು ಮಾತ್ರ ಅಲ್ಲಿದ್ದ ಇಬ್ಬರಿಗೂ ಗೊತ್ತಿರಲಿಲ್ಲ. ಅತ್ತೆ ಬೆನ್ನು ನೋವೆಂದು ನೆಟ್ಟಗಾಗಿ ಮತ್ತೆ ಬಗ್ಗಿದಳು, ಮತ್ತೆ ನೆಟ್ಟಗಾದಳು. ಅವಳು ತೋಚಿದ ಪದಗಳನ್ನೆಲ್ಲ ಒತ್ತಿದಳು. ಯಂತ್ರ ಪ್ರತಿ ಸಲವೂ ಅದೇ ಉದ್ದದ ಇನ್ನೊಂದು ಇರುವೆ ಸಾಲನ್ನು ತೋರಿಸಿತು. ಸಾಕಾಗಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟಳು. ಯಂತ್ರ ತನ್ನಿಂದಲೇ ಕೆಟ್ಟುಹೋಯಿತು ಎಂದು ಅವಳ ಮನಸ್ಸಿಗೆ ಖಾತ್ರಿಯಾಗಿತ್ತು.

ಸಂಜೆ ಗಂಡ ಬಂದಾಗ, ನಾಳೆ ಇದನ್ನು ಆಸ್ಪತ್ರೆಗೆ ವಾಪಸು ಒಯ್ಯಿರಿ ಎಂದಳು. ಕವರಿಗೆ ಹಾಕುವ ಕೆಲಸ ಇರುವಷ್ಟು ದಿನ ಮಾಡುತ್ತೇನೆ, ಆಮೇಲೆ ಮನೆಯಲ್ಲಿ ಕೂರುತ್ತೇನೆ. ಅವನು ಕೈಗೆ ಅಂಟಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತುಕೊಂಡ.

“ಕಣ್ಣು ಹೋದಾಗ್ಲೂ ನೀನು ಇಷ್ಟು ಕುಗ್ಗಿರ್ಲಿಲ್ಲ” ಎಂದ.

“ಆಗ ಕಲಿಸೋರು ಇದ್ರು ಕಣ್ರೀ” ಎಂದಳು ಅವಳು. “ಬೆರಳು ಹಿಡಿದು ಕಲಿಸಿದ್ರು. ಈಗ ಲೋಕವೆಲ್ಲ ಕಲಿಸ್ತಾ ಇದೆ, ನನ್ನೊಬ್ಬಳನ್ನ ಬಿಟ್ಟು.”

ಅವನು ಎದ್ದು ಕೈಕಾಲು ತೊಳೆಯಲು ಹೋದ. ಯಂತ್ರವನ್ನು ಮಾತ್ರ ಮರುದಿನ ಒಯ್ಯಲಿಲ್ಲ. ಸ್ಕೂಟರಿನಲ್ಲಿ ಜಾಗವಿಲ್ಲ ಎಂದ. ಅದರ ಮರುದಿನವೂ ಅದೇ ನೆಪ ಹೇಳಿದ.

ಹೀಗೆ ನೆಪದ ಮೇಲೆ ನೆಪ ಕಳೆಯುತ್ತಿದ್ದಾಗ, ಬಸ್ಸಿನಲ್ಲಿ ಕೂತು ಮೊಬೈಲು ಕೇಳುತ್ತಿದ್ದವಳಿಗೆ ಕಟ್ಟೆಯಿಂದ ಇನ್ನೊಂದು ಉತ್ತರ ಬಂದದ್ದು ಗೊತ್ತಾಯಿತು. ಇನ್ನೊಬ್ಬ ಜಗಳಗಂಟನಿರಬೇಕು ಎಂದುಕೊಂಡಳು. ಉತ್ತರದಲ್ಲಿ ಒಂದು ಫೋನ್ ನಂಬರು, ಎರಡೇ ಸಾಲು. ನನಗೂ ಕಣ್ಣಿಲ್ಲ. ಬರೆದು ಕಲಿಸುವ ತಾಳ್ಮೆ ನನಗಿಲ್ಲ, ಫೋನ್ ಮಾಡಿ.

ಗುರುತು ಪರಿಚಯವಿಲ್ಲದವರಿಗೆ ಫೋನ್ ಮಾಡುವುದೇ ಎಂದು ಎರಡು ಮೂರು ದಿನ ಹಿಂಜರಿದಳು. ಕೊನೆಗೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದಳು. ಆ ಕಡೆ ಇದ್ದವರು ವಯಸ್ಸಾದವರು, ಎಲ್ಲೋ ದೂರದ ಊರು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಹುಟ್ಟಿನಿಂದಲೇ ಕಣ್ಣಿಲ್ಲ. ಅವಳು ತನ್ನ ಕಷ್ಟವನ್ನೆಲ್ಲ ಹೇಳಿಕೊಳ್ಳಲು ಹೊರಟರೆ ಮುದುಕರು ನಡುವೆಯೇ ತಡೆದರು.

“ಮೌಸ್ ಎಲ್ಲಿದೆ?”

“ಮೇಜಿನ ಮೇಲಿದೆ ಸರ್.”

“ಅದನ್ನ ಕಿತ್ತು ಮನೇಲಿ ಯಾರಿಗೂ ಸಿಗದ ಹಾಗೆ ಇಡಿ. ಆಮೇಲೆ ಮಾತಾಡೋಣ.”

ಅವಳು ಅದನ್ನು ಅಡುಗೆಮನೆಯ ಅಟ್ಟದ ಮೇಲೆ ಹಾಕಿಸಿದಳು. ಯಂತ್ರ ಕೆಟ್ಟಿದೆ ಎಂದು ಹೇಳಿದಾಗ ಮುದುಕರು ಅಂದು ಏನೇನು ಒತ್ತಿದ್ದಿರಿ ಎಂದು ಕೇಳಿದರು. ಕೇಳಿ ನಕ್ಕರು. ಏನೂ ಕೆಟ್ಟಿರಲಿಲ್ಲ. ಆ ಕಪ್ಪು ಪರದೆ ಅದೇ ಯಂತ್ರದ ಇನ್ನೊಂದು ಕೋಣೆ. ಮೂರು ಕೀ ಒತ್ತಿ ಹೋಗಿದ್ದಳು, ಮೂರು ಕೀ ಒತ್ತಿ ವಾಪಸು ಬರಬಹುದಿತ್ತು. ಅತ್ತೆಯ ಬೆನ್ನು ನೋಯಿಸಿದ ಆ ಇಡೀ ಮಧ್ಯಾಹ್ನ ನೆನಪಾಗಿ ಅವಳಿಗೆ ಅಳು ಬಂತು. ದನಿ ನಿಂತಾಗ ಏನು ಮಾಡಬೇಕೆಂಬುದೇ ಅವರ ಮೊದಲ ಪಾಠ. ವಿಂಡೋಸ್ ಗುರುತಿರುವ ಕೀ, ಆಲ್ಟ್, ಎಸ್, ಮೂರನ್ನೂ ಒಟ್ಟಿಗೆ ಒತ್ತಬೇಕು. ಎದ್ದಿರುವ ದನಿ ಮಲಗುತ್ತದೆ, ಮಲಗಿರುವ ದನಿ ಏಳುತ್ತದೆ. ಕಲಿಯಲು ಬೇಕಾದದ್ದು ರಾಶಿ ಬಿದ್ದಿದೆ ಎಂದವರು, ಕೈಪಿಡಿ ಓದಿ ಎಂದವರು ಯಾರೂ ಇಷ್ಟನ್ನು ಹೇಳಿರಲಿಲ್ಲ. ಇವು ಎಲ್ಲೋ ಬರೆದಿವೆ, ಆದರೆ ಅಲ್ಲಿಗೆ ಹೋಗುವ ದಾರಿ ಕಲಿತ ಮೇಲೆ ಮಾತ್ರ ಸಿಗುವಂಥ ಕಡೆ ಬರೆದಿವೆ ಎಂದರು ಮುದುಕರು.

ಸಂಜೆ ಸಂಜೆ ಪಾಠ ನಡೆಯಿತು. ಫೋನನ್ನು ಯಂತ್ರದ ಸ್ಪೀಕರಿನ ಬಳಿ ಇಟ್ಟರೆ ಅದು ಹೇಳುವುದು ಅವರಿಗೂ ಕೇಳುತ್ತಿತ್ತು. ಒತ್ತುವ ಮೊದಲು, ಒತ್ತಿದರೆ ಏನು ಹೇಳುತ್ತದೆ ಎಂದು ಅವಳು ಊಹಿಸಿ ಹೇಳಬೇಕು. ತಪ್ಪಾದರೆ ಬೈಗುಳ. ಅವರಿಗೆ ಹೊಗಳಲು ಬರುತ್ತಲೇ ಇರಲಿಲ್ಲ. ಅತ್ತೆ ಅವರಿಗೆ ಎಕ್ಸ್‌ಚೇಂಜ್ ತಾತ ಎಂದು ಹೆಸರಿಟ್ಟು, ಇಷ್ಟು ಬೈಯುವವನ ಹೆಂಡತಿ ಹೇಗೆ ಬಾಳಿದಳೋ ಎನ್ನುತ್ತಾ ಕೇಳುತ್ತಾ ಕೂರುತ್ತಿದ್ದಳು.

ಒಂದು ದಿನ ಅವಳು ಪದೇ ಪದೇ ಒಂದೇ ಕಡೆ ಎಡವುತ್ತಿದ್ದಳು. ಮೇಲಿನ ಸಾಲಿನಲ್ಲಿ ಇರಬೇಕಲ್ಲ, ಎಡಗಡೆ ಇರಬೇಕಲ್ಲ ಎಂದು ಗೊಣಗಿದಳು. ಮುದುಕರಿಗೆ ರೇಗಿತು.

“ಮೇಲೆ ಇಲ್ಲ, ಎಡಕ್ಕೆ ಇಲ್ಲ. ಪರದೆ ಅನ್ನೋದೊಂದಿದೆ ಅನ್ನೋದನ್ನೇ ಮರೀರಿ. ಮೊದಲು ಏನು ಬರುತ್ತೆ, ಆಮೇಲೆ ಏನು ಬರುತ್ತೆ, ಅಷ್ಟೇ ಇರೋದು. ನೀವು ಇನ್ನೂ ಕಣ್ಣಿದ್ದವರ ಹಾಗೇ ಯೋಚಿಸ್ತಿದ್ದೀರಿ.”

“ನನಗೆ ಕಣ್ಣಿತ್ತು ಸರ್” ಎಂದಳು ಅವಳು. “ಅದನ್ನೂ ಮರೀಬೇಕಾ?”

ಫೋನ್ ಇಟ್ಟುಬಿಟ್ಟಳು. ಮರುದಿನ ಅವಳು ಮಾಡಲಿಲ್ಲ, ಅವರೂ ಮಾಡಲಿಲ್ಲ. ಒಂದು ವಾರ ಹಾಗೇ ಹೋಯಿತು. ಸಿಟ್ಟು ಎರಡು ದಿನಕ್ಕೇ ಇಳಿದಿತ್ತು, ಉಳಿದದ್ದು ಭಯ. ಲೋಕದಲ್ಲಿ ತನಗೆ ಕಲಿಸಬಲ್ಲವರು ಒಬ್ಬರು ಸಿಕ್ಕಿದ್ದರು, ಅವರನ್ನೂ ಕಳೆದುಕೊಂಡೆ ಎಂದು ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಆಸ್ಪತ್ರೆಯಲ್ಲಿ ಮೇಲ್ವಿಚಾರಕಿ ಬಂದು, ಮುಂದಿನ ವಾರ ಕೂತು ನೋಡೋಣ ಎಂದು ಹೇಳಿ ಹೋದರು. ಕವರಿಗೆ ತೂರಿಸುತ್ತಿದ್ದ ಫಿಲ್ಮು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಅದು ಎಲ್ಲಿ ಬಿತ್ತೆಂದು ಸಿಗಲಿಲ್ಲ. ಜೋಡಿ ಮಾಡುವವನು ಎತ್ತಿ ಕೊಟ್ಟ.

ಅಂದು ಸಂಜೆ ನಾಚಿಕೆ ಬಿಟ್ಟು ಫೋನ್ ಮಾಡಿದಳು. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡಿದ್ದಳು. ಮುದುಕರು ಅದಕ್ಕೆ ಎಡೆಯೇ ಕೊಡಲಿಲ್ಲ.

“ಆಲ್ಟ್ ಒತ್ತಿ ಹಿಡ್ಕೊಂಡು ಟ್ಯಾಬ್ ಒತ್ತಿ. ಏನು ಹೇಳ್ತು?”

ಅವಳು ಹೇಳಿದಳು. ಆಮೇಲೆ ಅವರು, ನೋಡುವುದು ಎಂದರೆ ಏನು ಎಂಬುದೇ ತನಗೆ ಗೊತ್ತಿಲ್ಲ, ಕಳೆದುಕೊಂಡವರ ಕಷ್ಟ ತನಗೆ ತಿಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಹೇಳಿದ ಕೂಡಲೇ ಮತ್ತೆ ಟ್ಯಾಬ್ ಒತ್ತಿ ಎಂದು ಗದರಿದರು.

ಪರೀಕ್ಷೆಯ ದಿನ ತನ್ನದೇ ಗೂಡಿಗೆ ವಾಪಸು ಹೋಗಿ ಕೂತಳು. ಹಿಂದೆ ಮೇಲ್ವಿಚಾರಕಿ, ಪಕ್ಕದಲ್ಲಿ ಸಿಸ್ಟಂನವನು. ಕುರ್ಚಿಯನ್ನು ಯಾರೋ ಎತ್ತರ ಮಾಡಿದ್ದರು, ಪೆಡಲು ಕಾಲಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಡಾಕ್ಟರ ದನಿ ಶುರುವಾಯಿತು. ಮುದುಕರು ಕಲಿಸಿದ ದಾರಿಯಲ್ಲೇ ಹೊಸ ಕಡತ ತೆರೆದು ಟೈಪು ಮಾಡುತ್ತಾ ಹೋದಳು. ಎರಡನೆಯ ವರದಿಯ ನಡುವೆ ಎಡಗಿವಿ ಖಾಲಿಯಾಯಿತು. ದನಿ ನಿಂತಿತ್ತು.

ಅದೇ ಸೋಮವಾರದ ಮೌನ. ಬೆನ್ನ ಹಿಂದೆ ಮೇಲ್ವಿಚಾರಕಿಯ ಸೀರೆಯ ಸರಸರ, ಸಿಸ್ಟಂನವನು ಮೌಸಿಗೆ ಕೈ ಹಾಕಿದ ಸದ್ದು. ಮುಟ್ಟಬೇಡಿ ಎಂದಳು ಅವಳು, ತನಗೇ ಕೇಳದಷ್ಟು ಸಣ್ಣ ದನಿಯಲ್ಲಿ. ಮೂರು ಕೀ ಒಟ್ಟಿಗೆ ಒತ್ತಿದಳು. ಏನೂ ಇಲ್ಲ. ಇನ್ನೊಮ್ಮೆ ಒತ್ತಿದಳು. ತಗಡಿನ ಡಬ್ಬದವನು ಕೆಮ್ಮಿದಂತೆ ಮಾಡಿ, ಅವಳು ನಿಲ್ಲಿಸಿದ್ದ ಸಾಲನ್ನು ಓದಿದ.

ಎಲ್ಲ ವರದಿ ಮುಗಿಸಿದಳು. ತಪ್ಪು ಹೆಚ್ಚಿರಲಿಲ್ಲ, ಆದರೆ ಹಿಂದೆ ಒಂದು ವರದಿ ಮಾಡುತ್ತಿದ್ದ ಹೊತ್ತಿನಲ್ಲಿ ಈಗ ಅರ್ಧವೂ ಆಗುತ್ತಿರಲಿಲ್ಲ. ಮೇಲ್ವಿಚಾರಕಿ ಅದನ್ನು ಮುಚ್ಚಿಡದೆ ಹೇಳಿದರು. ಬೆಳಗಿನ ವರದಿಗಳು ಅವಳಿಗೆ, ಮಧ್ಯಾಹ್ನದ ನಂತರದ್ದು ಟೈಪಿಸ್ಟ್ ಹುಡುಗಿಗೆ, ಆ ಹೊತ್ತಿನಲ್ಲಿ ಇವಳು ಕವರುಗಳನ್ನು ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಅರ್ಧ ಕೆಲಸ ವಾಪಸು ಸಿಕ್ಕಿದ್ದಕ್ಕೆ ಕುಣಿಯಬೇಕೋ, ಅರ್ಧ ಹೋದದ್ದಕ್ಕೆ ಅಳಬೇಕೋ ತಿಳಿಯದೆ ಅವಳು ಮನೆಗೆ ಬಂದಳು. ಅತ್ತೆ ಮಾತ್ರ, ಅರ್ಧ ಕೊಟ್ಟವರ ಕೈಯಿಂದ ಇನ್ನರ್ಧ ಕಿತ್ತುಕೊಳ್ಳೋದು ಎಷ್ಟು ಹೊತ್ತಿನ ಕೆಲಸ ಎಂದು ಚಹಾ ತಂದಿಟ್ಟಳು. ಲೋಟವನ್ನು ಈ ಸಲ ಎಲ್ಲಿಟ್ಟಳೋ, ತಡಕಾಡಿ ಹುಡುಕಬೇಕಾಯಿತು.

ಇನ್ನರ್ಧ ಅಷ್ಟು ಸುಲಭಕ್ಕೆ ಬರಲಿಲ್ಲ. ವರ್ಷ ತಿರುಗುವ ಹೊತ್ತಿಗೆ ಬೆರಳುಗಳು ಹೊಸ ದಾರಿಗೆ ಒಗ್ಗಿಕೊಂಡು, ಮಧ್ಯಾಹ್ನದ ವರದಿಗಳೂ ಒಂದೊಂದಾಗಿ ಅವಳ ಮೇಜಿಗೆ ಮರಳತೊಡಗಿದವು. ಎಕ್ಸ್‌ಚೇಂಜ್ ತಾತನನ್ನು ಅವಳು ಒಮ್ಮೆಯೂ ಭೇಟಿಯಾಗಲಿಲ್ಲ. ಕಿವಿ ಮಂದವಾಗುತ್ತಿದೆ, ಇನ್ನು ಫೋನಿನಲ್ಲಿ ಕಲಿಸುವುದು ಆಗುವುದಿಲ್ಲ ಎಂದು ಅವರು ಒಂದು ದಿನ ತಾವೇ ಹೇಳಿದರು. ಹಾಗೆ ಹೇಳಿದವರು, ಆಗಷ್ಟೇ ಕಣ್ಣು ಕಳೆದುಕೊಂಡ ಗ್ರಂಥಪಾಲಕನೊಬ್ಬ ತಮ್ಮನ್ನು ಕೇಳಿಕೊಂಡು ಬಂದಿದ್ದಾನೆ, ಅವನಿಗೆ ನಿಮ್ಮ ನಂಬರು ಕೊಟ್ಟಿದ್ದೇನೆ ಎಂದೂ ಸೇರಿಸಿದರು. ಅವಳನ್ನು ಕೇಳಿ ಕೊಟ್ಟಿರಲಿಲ್ಲ. ಆ ಗ್ರಂಥಪಾಲಕ ಫೋನ್ ಮಾಡಿದಾಗ ಅವಳು ಒಮ್ಮೆಯೂ ಬೈಯಬಾರದೆಂದು ನಿರ್ಧರಿಸಿಕೊಂಡಿದ್ದಳು. ಮೂರನೆಯ ಪಾಠಕ್ಕೇ ಬೈದಳು.

ಮೊನ್ನೆ ಸಿಸ್ಟಂನವನು ಅವಳ ಗೂಡಿನ ಬಾಗಿಲಲ್ಲಿ ನಿಂತು, ಹೊಸ ಆವೃತ್ತಿ ಬಂದಿದೆ, ರಜೆಯಲ್ಲಿ ಎಲ್ಲ ಯಂತ್ರಕ್ಕೂ ಹಾಕಬೇಕು ಎಂದ. ಅವಳು ಪೆಡಲಿನಿಂದ ಕಾಲು ತೆಗೆದು, ಅವನಿದ್ದ ಕಡೆಗೆ ತಿರುಗಿದಳು.

“ಮೊದಲು ಒಂದು ಯಂತ್ರಕ್ಕೆ ಹಾಕಿ. ನಾನು ಅದರ ಮುಂದೆ ಒಂದು ದಿನ ಕೂರ್ತೀನಿ. ಆಮೇಲೆ ಉಳಿದದ್ದು” ಎಂದಳು.

ಅವನು ಆಗಲಿ ಎಂದ. ಮಾತು ಕೊಟ್ಟಷ್ಟೇ ಸುಲಭವಾಗಿ ಮರೆಯುವವನು ಅವನು. ಆದ್ದರಿಂದ ಅವಳು ಅವನ ಹೆಜ್ಜೆಯ ಸದ್ದು ಮೆಟ್ಟಿಲು ಹತ್ತುವ ಮೊದಲೇ ಮೇಲ್ವಿಚಾರಕಿಗೆ ಫೋನ್ ಮಾಡಿದಳು.